ಬೆಂಕಿಯ ಕಾಲಕ್ಕೆ ಕಾಲುವೆ ಖಾಲಿ

ಕೃಷ್ಣಾ-ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನ ಚರಿತ್ರೆ ಬರೆದವರಿಗೆ ಕೊರತೆಯಿಲ್ಲ. ಮಸ್ಕಿಯ ಅಶೋಕನ ಶಾಸನ, ರಾಯಚೂರು ಕೋಟೆಗಾಗಿ 1520ರಲ್ಲಿ ನಡೆದ ಯುದ್ಧ, ನಿಜಾಮರ ಕಾಲ, ತುಂಗಭದ್ರಾ ಅಣೆಕಟ್ಟೆ, ಎಲ್ಲದರ ಬಗ್ಗೆಯೂ ಓದಲು ಬೇಕಾದಷ್ಟಿದೆ. ನಮ್ಮ ತಾಲ್ಲೂಕು ಊರುಗಳ ಫೈರ್ ಸ್ಟೇಷನ್ ಬಗ್ಗೆ ಒಂದು ಪುಟ ಬರೆದವರು ಮಾತ್ರ ನನಗೆ ಸಿಕ್ಕಿಲ್ಲ. ಊರ ಅಂಚಿನಲ್ಲಿ ಒಂದು ಶೆಡ್ಡು, ಒಳಗೆ ಒಂದೋ ಎರಡೋ ಕೆಂಪು ಗಾಡಿ. ದಾರಿಯಲ್ಲಿ ಹೋಗುವಾಗ ಎಲ್ಲರೂ ನೋಡಿರುತ್ತಾರೆ, ಒಳಗೆ ಹೋದವರು ಕಡಿಮೆ.

ನಮ್ಮದು ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬರುವ ಒಂದು ಊರು. ನಮ್ಮ ಕಾಕಾ ಅಗ್ನಿಶಾಮಕ ಇಲಾಖೆಯಲ್ಲಿ ಚಾಲಕರಾಗಿದ್ದು ರಿಟೈರ್ ಆದವರು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಗಾಡಿ ಓಡಿಸಿದ್ದಾರೆ. ಚಿಕ್ಕಂದಿನಿಂದ ಅವರ ಮಾತು ಕೇಳುತ್ತಾ ಬೆಳೆದ ನನಗೆ ಎರಡು ಸಂಗತಿ ಗಟ್ಟಿಯಾಗಿ ಮನಸ್ಸಿನಲ್ಲಿ ಕೂತಿವೆ. ಊರು ಏನನ್ನು ಕೂಡಿಡುತ್ತದೋ ಅದೇ ಸುಡುತ್ತದೆ. ಮತ್ತೆ, ಅದು ಸುಡುವ ಹೊತ್ತಿಗೆ ನಮ್ಮಲ್ಲಿ ನೀರಿರುವುದಿಲ್ಲ. ನಮ್ಮ ಭಾಗದ ಫೈರ್ ಸ್ಟೇಷನ್ನುಗಳ ಕಥೆಯೆಲ್ಲ ಈ ಎರಡರ ನಡುವೆ ನಡೆದಿದೆ ಅಂತ ನನಗನ್ನಿಸುತ್ತದೆ.

ಫೈರ್ ಗಾಡಿ ಬರುವ ಮೊದಲೂ ಬೆಂಕಿ ಇತ್ತಲ್ಲ, ಆಗ ಏನು ಮಾಡುತ್ತಿದ್ದರು? ಹಳೆಯ ಮನೆಗಳನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನಮ್ಮ ಕಡೆಯ ಮಾಳಿಗೆ ಮನೆಗಳ ಗೋಡೆ ಕಲ್ಲು-ಮಣ್ಣಿನದು, ಮೇಲೆ ತೊಲೆ ಜಂತಿ ಹಾಸಿ ದಪ್ಪಗೆ ಮಣ್ಣು ಮುಚ್ಚಿದ್ದು. ಪಕ್ಕದ ಮನೆಗೆ ಬೆಂಕಿ ಬಿದ್ದರೆ ಹಾರಿದ ಕಿಡಿ ಮಣ್ಣಿನ ಮೇಲೆ ಬಿದ್ದು ತಾನೇ ಆರುತ್ತಿತ್ತು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಕಳ್ಳರಿಗೂ ಹುಳಕ್ಕೂ ಹೆದರಿ ಮಾಡಿದ ಏರ್ಪಾಡು ಬೆಂಕಿಯಿಂದಲೂ ಕಾಳು ಉಳಿಸುತ್ತಿತ್ತು. ಸೊಪ್ಪೆ, ಮೇವಿನ ಬಣವೆಗಳನ್ನು ಊರ ಹೊರಗಿನ ಕಣದಲ್ಲಿ, ಒಂದಕ್ಕೊಂದು ಅಂತರ ಬಿಟ್ಟು ಒಟ್ಟುತ್ತಿದ್ದರು. ಆದರೆ ಈ ಭದ್ರತೆ ಎಲ್ಲರಿಗೂ ಇರಲಿಲ್ಲ. ಗುಡಿಸಲುಗಳ ಕೇರಿಗೆ ಬೆಂಕಿ ಬಿದ್ದರೆ ಸಾಲಿಗೆ ಸಾಲೇ ಹೋಗುತ್ತಿತ್ತು. ಆಗ ಉಳಿಯುತ್ತಿದ್ದ ದಾರಿ ಒಂದೇ: ಬೆಂಕಿ ಮುಟ್ಟದ ಮುಂದಿನ ಗುಡಿಸಲನ್ನು ತಾವೇ ಕಿತ್ತು ಹಾಕಿ ಜಾಗ ಖಾಲಿ ಮಾಡುವುದು. ಸುಡದೇ ಇದ್ದ ತನ್ನ ಮನೆಯನ್ನು ಊರಿಗಾಗಿ ಕೀಳಲು ಒಪ್ಪಿದವರು ಎಷ್ಟು ಜನರೋ. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಆಳುವವರೂ ನಮಗೆ ಒಬ್ಬರಾಗಿರಲಿಲ್ಲ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು, ಕೊಪ್ಪಳ ನಿಜಾಮರ ಕಡೆ. ಬಳ್ಳಾರಿ ಮದ್ರಾಸಿನ ಕಡೆ, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. 1956ರ ನವೆಂಬರ್ 1ಕ್ಕೆ ಮೂರೂ ಒಂದೇ ರಾಜ್ಯಕ್ಕೆ ಬಂದವು. ಸಣ್ಣ ಊರಿನಲ್ಲಿ ಬೆಂಕಿ ಆರಿಸುವುದು ಆಗೆಲ್ಲ ಹೆಚ್ಚಾಗಿ ಊರವರದೇ ಕೆಲಸ. ಇಡೀ ರಾಜ್ಯಕ್ಕೆ ಒಂದೇ ಅಗ್ನಿಶಾಮಕ ದಳ ಇರಬೇಕು ಅಂತ ಕಾಯ್ದೆ ಆದದ್ದು 1964ರಲ್ಲಿ. ಈ ಕಾಯ್ದೆಯ ಬೆಲೆ ನಮ್ಮಂಥ ಊರುಗಳಿಗೇ ಜಾಸ್ತಿ ಗೊತ್ತಾಗಬೇಕು. 1992ರ 74ನೇ ತಿದ್ದುಪಡಿ ಬಂದಾಗ ಸಂವಿಧಾನದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಸಭೆ, ಪುರಸಭೆಗಳು ಮಾಡಬಹುದಾದ ಕೆಲಸಗಳ ಪಟ್ಟಿಗೆ ಸೇರಿಸಿದರು. ನಮ್ಮಲ್ಲಿ ಅದು ರಾಜ್ಯದ ಇಲಾಖೆಯಾಗಿಯೇ ಉಳಿಯಿತು, ಅದು ಒಳ್ಳೆಯದೇ ಆಯಿತು. ಬೀದಿ ದೀಪಕ್ಕೂ ಒದ್ದಾಡುವ ಪುರಸಭೆ ಫೈರ್ ಗಾಡಿ ಎಲ್ಲಿಂದ ತರಬೇಕು? ಒಂದೇ ಇಲಾಖೆ ಆದ್ದರಿಂದಲೇ ನಮ್ಮ ಕಡೆಯ ಎರೆಭೂಮಿಯ ಹುಡುಗ ಬೆಂಗಳೂರಿಗೆ ಹೋಗಿ, ಅಲ್ಲಿನ ಹುಡುಗರ ಜೊತೆ ನಿಂತು ಅದೇ ತರಬೇತಿ ಪಡೆದು ಬರುತ್ತಾನೆ. 

ಇನ್ನು, ಏನು ಸುಟ್ಟಿತು ಅನ್ನುವ ವಿಷಯ.

ಮೊದಲು ಹತ್ತಿ. ರಾಯಚೂರು ಹತ್ತಿಯ ದೊಡ್ಡ ಮಾರುಕಟ್ಟೆ. ಸೀಸನ್ನಿನಲ್ಲಿ ಎಪಿಎಂಸಿ ಕಡೆ ಹೋದರೆ ಹತ್ತಿ ತುಂಬಿದ ದೊಡ್ಡ ಚೀಲ, ಅಂದರೆ ಅಂಡಿಗೆ, ಹೇರಿದ ಗಾಡಿಗಳ ಸಾಲು, ತೆಲಂಗಾಣ, ಆಂಧ್ರದ ಕಡೆಯಿಂದಲೂ ಬಂದಿರುತ್ತವೆ. ಸುತ್ತ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳು. ಹತ್ತಿಯ ಜೊತೆ ಒಂದು ಸಣ್ಣ ಕಲ್ಲೋ, ಕಬ್ಬಿಣದ ಚೂರೋ ಜಿನ್ನಿನೊಳಗೆ ಹೋದರೆ ಸಾಕು, ತಿಕ್ಕಿ ಕಿಡಿ ಏಳುತ್ತದೆ. ಆ ಕಿಡಿ ಅರಳೆಯ ರಾಶಿಯೊಳಗೆ ಸೇರಿಕೊಂಡರೆ ಹೊರಗೆ ಏನೂ ಕಾಣುವುದಿಲ್ಲ. ಒಳಗೊಳಗೇ ಗಂಟೆಗಟ್ಟಲೆ ಕಾವು ಹಿಡಿದು ಕೂತಿರುತ್ತದೆ. ಆಮೇಲೆ ಗಾಳಿ ಸಿಕ್ಕಿದ ಕಡೆ ಒಮ್ಮೆಲೇ ಏಳುತ್ತದೆ. ನೀರು ಹೊಡೆದರೂ ಸುಲಭಕ್ಕೆ ಬಗ್ಗುವುದಿಲ್ಲ. ಹತ್ತಿಯ ಎಳೆಯ ಮೇಲೆ ಹುಟ್ಟಾ ಒಂದು ಮೇಣದ ಪದರ ಇರುತ್ತದೆ. ನೀರು ಒಳಗೆ ಇಳಿಯದೆ ಮೇಲಿನಿಂದಲೇ ಜಾರಿ ಹೋಗುತ್ತದೆ. ಅದಕ್ಕೇ ಬೇಲುಗಳನ್ನು, ಅಂದರೆ ಒತ್ತಿ ಕಟ್ಟಿದ ಅರಳೆಯ ಮೂಟೆಗಳನ್ನು, ಒಂದೊಂದಾಗಿ ಹೊರಗೆಳೆದು, ಬಿಚ್ಚಿ, ಹರಡಿ ಆರಿಸಬೇಕು. ಬೆಂಕಿ ಆರಿತು ಅಂತ ಗಾಡಿ ವಾಪಸ್ ಬಂದ ಮೇಲೆ ಮತ್ತೆ ಅದೇ ಫ್ಯಾಕ್ಟರಿಯಿಂದ ಕರೆ ಬರುವುದು ಹತ್ತಿಯ ವಿಷಯದಲ್ಲಿ ಮಾಮೂಲು.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದ ಎಲ್ಲ ಫೈರ್ ಸ್ಟೇಷನ್ನುಗಳಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಶಾಲೆ ಮಕ್ಕಳಿಗೆ ಸಿಲಿಂಡರ್ ಬೆಂಕಿ ಆರಿಸುವುದನ್ನು ತೋರಿಸುತ್ತಾರೆ, ಕರಪತ್ರ ಹಂಚುತ್ತಾರೆ. ಆ ದಿನದ ಹಿಂದೆಯೂ ಹತ್ತಿ ಇದೆ. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ನಿಂತಿತ್ತು. ಯುದ್ಧದ ಕಾಲ. ಹಡಗಿನಲ್ಲಿ ಸಿಡಿಮದ್ದು, ಜೊತೆಗೆ ಕರಾಚಿಯಲ್ಲಿ ತುಂಬಿದ ಸಾವಿರಾರು ಹತ್ತಿ ಬೇಲು. ಮಧ್ಯಾಹ್ನ ಹತ್ತಿಯ ಕಡೆಯಿಂದ ಹೊಗೆ ಕಾಣಿಸಿತು. ಫೈರ್‌ಮನ್‌ಗಳು ಬಂದು ನೀರು ಸುರಿದರು, ಸುರಿದೇ ಸುರಿದರು. ಒಳಗಿನ ಕೆಂಡ ಎಲ್ಲಿದೆ ಅಂತ ಸಿಗಲಿಲ್ಲ. ಸಂಜೆ ನಾಲ್ಕು ದಾಟಿದ ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಬಂದವರು. ಹಡಗಿನಲ್ಲಿ ಏನಿದೆ ಅಂತ ತಿಳಿದ ಮೇಲೂ ಅವರು ಪೈಪು ಬಿಟ್ಟು ಓಡಲಿಲ್ಲ. ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹೊಗೆಯಾಡುವ ರಾಶಿಯ ಮುಂದೆ ನಿಂತವರಿಗೆ ಆ 66 ಜನ ಬಹಳ ದೂರದವರಲ್ಲ. ಏಪ್ರಿಲ್ 14ರ ಬೆಳಿಗ್ಗೆ ಸ್ಟೇಷನ್ ಅಂಗಳದಲ್ಲಿ ಅವರಿಗೆ ಗೌರವ ಸಲ್ಲಿಸಿ ಬಂದ ಕಾಕಾ ಮನೆಯಲ್ಲಿ ಜಾಸ್ತಿ ಮಾತಾಡುತ್ತಿರಲಿಲ್ಲ.

ಆಮೇಲೆ ಕಾಲುವೆ ಬಂತು. 1953ರಲ್ಲಿ ತುಂಗಭದ್ರೆಯ ನೀರು ಹರಿಯಲು ಶುರುವಾಯಿತು. 200 ಕಿಲೋಮೀಟರಿಗೂ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಯ ಬದುಕನ್ನೇ ಬದಲಾಯಿಸಿತು. ಆಂಧ್ರದಿಂದ ರೈತರು ಬಂದು ನೆಲೆಸಿದರು, ಕ್ಯಾಂಪು ಅಂತ ಕರೆಯುವ ಅವರ ಊರುಗಳಾದವು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಗದ್ದೆಗಳಾದವು. ಅಕ್ಕಿ ಗಿರಣಿಗಳು ಎದ್ದವು. ಸುಡುವ ವಸ್ತುವೂ ಬದಲಾಯಿತು. ಬೇಸಿಗೆಯಲ್ಲಿ ನಮ್ಮ ಸ್ಟೇಷನ್ನುಗಳಿಗೆ ಬರುವ ಕರೆಗಳಲ್ಲಿ ಭತ್ತದ ಹುಲ್ಲಿಗೆ ದೊಡ್ಡ ಪಾಲಿದೆ.

ಬಣವೆ ಬೆಂಕಿಯನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ನಮ್ಮ ಮಾಮನ ಊರಿನಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ. ಗಾಳಿ ಬಿಸಿಯಾಗಿತ್ತು. ಹೆಂಗಸರು ಕೊಡ, ಬಾನಿ ಹಿಡಿದು ಬೋರ್‌ವೆಲ್ಲಿನಿಂದ ನೀರು ತರುತ್ತಿದ್ದರು, ಹುಡುಗರು ಹಸಿ ಬೇವಿನ ಟೊಂಗೆಯಿಂದ ಅಂಚಿನ ಬೆಂಕಿ ಬಡಿಯುತ್ತಿದ್ದರು. ಯಾರೋ ದನಗಳ ಕಣ್ಣಿ ಕೊಯ್ದು ಬಿಟ್ಟಿದ್ದರು. ಗಾಡಿ ಬಂದ ಮೇಲೆ ನಾನು ನೋಡಿದ್ದು ಇಷ್ಟು: ಅವರು ಉರಿಯುವ ಬಣವೆಯ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಪಕ್ಕದ ಬಣವೆಯನ್ನು, ಅದರಾಚೆಯ ಕೊಟ್ಟಿಗೆಯ ತಗಡನ್ನು ತೋಯಿಸಿದರು. ಬಣವೆಯ ಯಜಮಾನ ಕೂಗಾಡಿದ, ಅಳುತ್ತಲೇ ಬೈದ. ಅವರು ಉತ್ತರ ಕೊಡದೆ ಕೆಲಸ ಮಾಡಿದರು. ಆಮೇಲೆ ಜೆಸಿಬಿ ತರಿಸಿ ಉರಿಯುವ ಬಣವೆಯನ್ನು ಎಳೆದು ಚೆಲ್ಲಿ, ಪದರ ಪದರವಾಗಿ ತೋಯಿಸಿದರು. ಅಡಕವಾಗಿ ಒಟ್ಟಿದ ಹುಲ್ಲು ಮೇಲೆ ಆರಿದಂತೆ ಕಂಡರೂ ನಡುವಿನಲ್ಲಿ ದಿನಗಟ್ಟಲೆ ಕನಲುತ್ತಿರುತ್ತದೆ. ರಾತ್ರಿ ಕಾಕಾಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಹತ್ತಿದ ಬಣವಿ ಹೋದಂಗ ನೋಡಪ್ಪ. ಹತ್ತಲಾರದ್ದನ್ನ ಉಳಿಸಾಕ ನಾವು ಹೋಗೋದು" ಅಂದರು.

ಹುಲ್ಲಿನ ಟ್ರ್ಯಾಕ್ಟರುಗಳದ್ದು ಇನ್ನೊಂದು ಕಥೆ. ಟ್ರೇಲರಿನ ಮೇಲೆ ಎತ್ತರಕ್ಕೆ ಹೇರಿ ಹಳ್ಳಿ ರಸ್ತೆಯಲ್ಲಿ ಬರುವಾಗ ಜೋತು ಬಿದ್ದ ಕರೆಂಟ್ ತಂತಿ ತಗುಲುತ್ತದೆ. ಹಿಂದೆ ಹೊತ್ತಿಕೊಂಡದ್ದು ಡ್ರೈವರಿಗೆ ಗೊತ್ತಾಗುವುದೇ ಇಲ್ಲ. ದಾರಿಯಲ್ಲಿ ಹೋಗುವವರು ಕೂಗಿ ಹೇಳಬೇಕು. ಬೇಸಿಗೆಯಲ್ಲಿ ಜಿಲ್ಲಾ ಪುಟ ತೆರೆದರೆ ಈ ಸುದ್ದಿ ಮತ್ತೆ ಮತ್ತೆ ಬರುತ್ತದೆ. ತಂತಿ ಬಿಗಿಯುವುದು, ಹೇರುವ ಎತ್ತರ ಕಮ್ಮಿ ಮಾಡುವುದು, ಎರಡೂ ನಮ್ಮ ಕೈಯಲ್ಲಿ ಆಗುವ ಕೆಲಸ. ಆದರೂ ಪ್ರತಿ ವರ್ಷ ಯಾರದೋ ವರ್ಷದ ಮೇವು ರಸ್ತೆಯಲ್ಲಿ ಬೂದಿಯಾಗುತ್ತದೆ ಅನ್ನುವುದು ನನಗೆ ಬಹಳ ಸಂಕಟದ ವಿಷಯ.

ಈಗ ನೀರಿನ ಮಾತು. ಇಲಾಖೆಯವರು ಜಲವಾಹನ ಅಂತ ಕರೆಯುವ ಮಾಮೂಲಿ ಫೈರ್ ಗಾಡಿಯಲ್ಲಿ ಸುಮಾರು 4500 ಲೀಟರ್ ನೀರು ಹಿಡಿಯುತ್ತದೆ. ಕೇಳಲು ಜಾಸ್ತಿ ಅನಿಸುತ್ತದೆ ಅಲ್ವಾ? ಅಂಥ ಗಾಡಿಯ ಪಂಪು ಪೂರ್ತಿ ಓಡಿದರೆ ನಿಮಿಷಕ್ಕೆ 2250 ಲೀಟರ್ ಎಸೆಯುವ ಶಕ್ತಿ ಇರುವಂಥದ್ದು. ಲೆಕ್ಕ ಹಾಕಿ, ಎರಡೇ ನಿಮಿಷ. ಒಂದೇ ಪೈಪಿನಲ್ಲಿ ಉಳಿಸಿ ಉಳಿಸಿ ಬಿಟ್ಟರೂ ಹತ್ತು ನಿಮಿಷದ ಸುಮಾರಿಗೆ ಟ್ಯಾಂಕು ಬರಿದು. ಆಮೇಲೆ ಗಾಡಿ ನೀರು ಹುಡುಕಿಕೊಂಡು ಹೋಗಬೇಕು. ಜನ ಆಗಲೇ ಸಿಟ್ಟಾಗುವುದು: ಬಂದವರು ಬೆಂಕಿ ಬಿಟ್ಟು ಎಲ್ಲಿಗೆ ಹೊರಟರು ಅಂತ.

ಕಾಲುವೆ ನಾಡಿನಲ್ಲಿ ನೀರಿಗೇನು ಬರ ಅಂತ ಹೊರಗಿನವರು ಕೇಳಬಹುದು. ಕಾಲುವೆಯಲ್ಲಿ ವರ್ಷವಿಡೀ ನೀರಿರುವುದಿಲ್ಲ. ಮುಂಗಾರಿಗೆ ಬಿಡುತ್ತಾರೆ, ಜಲಾಶಯದಲ್ಲಿ ಉಳಿದಿದ್ದರೆ ಎರಡನೇ ಬೆಳೆಗೆ ಬಿಡುತ್ತಾರೆ. ಬೇಸಿಗೆ ಬಲಿಯುವ ಹೊತ್ತಿಗೆ ಬಂದ್. ಎರಡನೇ ಬೆಳೆ ಕೊಯ್ದು ಹೊಲದ ತುಂಬ ಒಣ ಹುಲ್ಲು ಬಿದ್ದಿರುವುದು, ಬಿಸಿಲು 40 ಡಿಗ್ರಿ ದಾಟುವುದು, ಬಿರುಗಾಳಿಗೆ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರುವುದು, ಎಲ್ಲ ಅದೇ ತಿಂಗಳುಗಳಲ್ಲಿ. ನೂರಾರು ಮೈಲಿ ನೀರು ಹರಿಯುವ ನಾಡಿನಲ್ಲಿ ಬೆಂಕಿಯ ಕಾಲಕ್ಕೆ ಸರಿಯಾಗಿ ಕಾಲುವೆ ಒಣಗಿರುತ್ತದೆ. ಕುಡಿಯುವ ನೀರಿಗೆ ತುಂಬಿಸಿಟ್ಟ ಕೆರೆ ಇರುತ್ತದೆ, ಅದರಲ್ಲೂ ಆಗ ತಳದಲ್ಲಿ ಎಷ್ಟೋ ಅಷ್ಟು.

ಹಾಗಾಗಿ ನಮ್ಮ ಕಡೆಯ ಫೈರ್ ಡ್ರೈವರಿಗೆ ರಸ್ತೆ ಗೊತ್ತಿದ್ದರೆ ಸಾಲದು, ನೀರು ಗೊತ್ತಿರಬೇಕು. ಯಾವ ಕ್ಯಾಂಪಿನ ಯಾವ ರೈತನ ಬೋರು ಮೇ ತಿಂಗಳಲ್ಲೂ ಹೊಡೆಯುತ್ತದೆ, ಯಾವ ಹಳೆಯ ಬಾವಿಯ ಬದಿಗೆ ಗಾಡಿ ನಿಲ್ಲಿಸುವಷ್ಟು ಗಟ್ಟಿ ನೆಲ ಇದೆ, ಯಾವ ಅಕ್ಕಿ ಗಿರಣಿಯ ತೊಟ್ಟಿ ರಾತ್ರಿಯೂ ತುಂಬಿರುತ್ತದೆ. ಸಕ್ಷನ್ ಹೋಸ್ ಇಳಿಬಿಟ್ಟು ನೀರು ಎಳೆಯಬೇಕಾದರೆ ಒಂದು ಮಿತಿ ಇದೆ. ಬಾವಿಯ ನೀರು ಏಳೆಂಟು ಮೀಟರಿಗಿಂತ ಕೆಳಗಿದ್ದರೆ ಗಾಡಿಯ ಪಂಪು ಎಷ್ಟು ಗದ್ದಲ ಮಾಡಿದರೂ ನೀರು ಏರುವುದಿಲ್ಲ. ಎರೆಭೂಮಿಯಲ್ಲಿ ಮಳೆ ಬಿದ್ದ ದಿನ ಗಾಡಿ ರಸ್ತೆ ಬಿಟ್ಟು ಇಳಿದರೆ ಹೂತುಕೊಂಡಂತೆಯೇ. ಕಾಕಾ ಹೊಸ ಸ್ಟೇಷನ್ನಿಗೆ ವರ್ಗವಾದಾಗೆಲ್ಲ ಮೊದಲು ಮಾಡುತ್ತಿದ್ದ ಕೆಲಸ ರಜೆ ದಿನ ಮೋಟಾರ್ ಸೈಕಲ್ ತಗೊಂಡು ಬಾವಿ, ಬೋರು, ಕೆರೆ ನೋಡಿಕೊಂಡು ಬರುವುದು. ರೈತರ ಹೆಸರು ಕೇಳಿ ಪರಿಚಯ ಮಾಡಿಕೊಂಡು ಬರುತ್ತಿದ್ದರು. ನಡುರಾತ್ರಿ ಮೋಟಾರ್ ಚಾಲೂ ಮಾಡಿ ಅಂತ ಕೇಳಬೇಕಾದರೆ ಹೆಸರು ಗೊತ್ತಿರಬೇಕಲ್ಲ.

ಗಾಡಿ ತಡವಾಗಿ ಬಂತು ಅನ್ನುವ ದೂರು ಎಲ್ಲ ಊರಲ್ಲೂ ಇದೆ. ಆ ನೋವು ಸುಳ್ಳಲ್ಲ. ಕರೆ ಬಂದ ಮೇಲೆ ನಗರದಲ್ಲಿ 5ರಿಂದ 7 ನಿಮಿಷ, ಹಳ್ಳಿಗಾಡಿನಲ್ಲಿ 20 ನಿಮಿಷದಲ್ಲಿ ಗಾಡಿ ಮುಟ್ಟಬೇಕು ಅನ್ನುವುದು ದೇಶದಲ್ಲಿ ಒಪ್ಪಿಕೊಂಡ ಅಳತೆ. ನಮ್ಮ ತಾಲ್ಲೂಕುಗಳ ಕೊನೆಯ ಹಳ್ಳಿಗಳು ಸ್ಟೇಷನ್ನಿನಿಂದ 30-40 ಕಿಲೋಮೀಟರ್ ಇವೆ. 4500 ಲೀಟರ್ ನೀರು ತುಂಬಿಕೊಂಡ ಗಾಡಿ ಗುಂಡಿ ಬಿದ್ದ ರಸ್ತೆಯಲ್ಲಿ 20 ನಿಮಿಷಕ್ಕೆ ಅಲ್ಲಿ ಮುಟ್ಟುವುದು ಆಗದ ಮಾತು. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು, ಕುರುಗೋಡು, ಕಂಪ್ಲಿ ಹೊಸ ತಾಲ್ಲೂಕುಗಳಾದವು. ತಾಲ್ಲೂಕು ಬೋರ್ಡು ಬಿದ್ದ ದಿನವೇ ಫೈರ್ ಸ್ಟೇಷನ್ ಬರುವುದಿಲ್ಲ. ಜಾಗ ಸಿಗಬೇಕು, ಕಟ್ಟಡ, ಗಾಡಿ, ಹುದ್ದೆ ಮಂಜೂರಾಗಬೇಕು, ಬೋರಿಗೆ ನೀರು ಬೀಳಬೇಕು. ನಮ್ಮ ಜನಪ್ರತಿನಿಧಿಗಳ ಹತ್ತಿರ ರಸ್ತೆ ಕೇಳುತ್ತೇವೆ, ಸಮುದಾಯ ಭವನ ಕೇಳುತ್ತೇವೆ. ಫೈರ್ ಸ್ಟೇಷನ್ ಕೇಳಿದ ಊರು ನಾನು ಕಂಡದ್ದು ಕಡಿಮೆ. ಕೇಳಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಗಾಡಿ ಕರೆಸಿದರೆ ಬಿಲ್ಲು ಕಟ್ಟಬೇಕಾಗುತ್ತದೆ ಅಂತ ಹೆದರಿ, ತಾವೇ ಆರಿಸೋಣ ಅಂತ ನೋಡುತ್ತಾರೆ. ಬೆಂಕಿ ಕೈ ಮೀರಿದ ಮೇಲೆ ಫೋನ್. ಬೆಂಕಿ ಆರಿಸಲು ದುಡ್ಡು ಕೊಡಬೇಕಿಲ್ಲ. ಹೊಗೆ ಕಂಡ ಕೂಡಲೇ 112ಕ್ಕೋ 101ಕ್ಕೋ ಮಾಡಿ.

ಬೆಂಕಿ ಆರಿದ ಮೇಲಿನ ಕೆಲಸವನ್ನು ಯಾರೂ ನೋಡುವುದಿಲ್ಲ. ನಾನು ಹುಡುಗನಾಗಿದ್ದಾಗ ಸ್ಟೇಷನ್ ಅಂಗಳದಲ್ಲಿ ಅದನ್ನೇ ನೋಡುತ್ತಾ ಕೂಡುತ್ತಿದ್ದೆ. ಗಾಡಿ ವಾಪಸ್ ಬಂದ ಮೇಲೆ ಯಾರೂ ಮಲಗಲು ಹೋಗುವುದಿಲ್ಲ. ಮೊದಲು ಟ್ಯಾಂಕು ತುಂಬಿಸುವುದು, ಮುಂದಿನ ಕರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಆಮೇಲೆ ಹೋಸುಗಳನ್ನು ಇಳಿಸಿ ಅಂಗಳದಲ್ಲಿ ಉದ್ದಕ್ಕೆ ಹಾಸುವುದು. ಎರೆಮಣ್ಣು ಅಂಟಿದ್ದನ್ನು ಬ್ರಷ್ಷಿನಲ್ಲಿ ತಿಕ್ಕಿ ತೊಳೆಯುವುದು. ಕ್ಯಾನ್ವಾಸ್ ಹೋಸುಗಳ ಕಾಲದಲ್ಲಿ ಈ ಕೆಲಸ ತಪ್ಪಿಸುವ ಹಾಗೇ ಇರಲಿಲ್ಲ, ಹಸಿಯಾಗಿ ಸುತ್ತಿಟ್ಟರೆ ಬೂಜು ಹಿಡಿದು ಮುಂದಿನ ಸಲ ಒತ್ತಡಕ್ಕೆ ಹರಿಯುತ್ತಿತ್ತು. ಒಂದು ತುದಿಯನ್ನು ಎತ್ತರದ ಕಂಬಕ್ಕೆ ಏರಿಸಿ, ಗಾಳಿಗೆ ತೂಗುಬಿಟ್ಟು ಒಣಗಿಸುತ್ತಿದ್ದರು. ಒಣಗಿದ ಮೇಲೆ ಇಬ್ಬರು ಕೂತು ಸುತ್ತುತ್ತಿದ್ದರು, ಸೀರೆ ಮಡಿಸುವಷ್ಟು ನಾಜೂಕಾಗಿ, ಒಂದು ಸುತ್ತೂ ಓರೆಯಾಗದಂತೆ. ಹೋಸುಗಳನ್ನು ಜೋಡಿಸುವ ಹಿತ್ತಾಳೆ ಕಪ್ಲಿಂಗಿನ ವಾಷರ್ ಇದೆಯಾ ಅಂತ ಬೆರಳು ಹಾಕಿ ನೋಡುತ್ತಿದ್ದರು. ವಾಷರ್ ಇಲ್ಲದ ಒಂದು ಕಪ್ಲಿಂಗ್ ಬೆಂಕಿಯ ಮುಂದೆ ಸೋರಿದರೆ ಆ ಪೈಪಿನ ಒತ್ತಡವೇ ಬೀಳುತ್ತದೆ. ಕಾಕಾ ಇವತ್ತಿಗೂ ಮನೆಯ ಗಾರ್ಡನ್ ಪೈಪನ್ನು ಸುಮ್ನೆ ಎಸೆಯಲು ಬಿಡುವುದಿಲ್ಲ.

ಬೆಂಕಿಯಷ್ಟೇ ಇವರ ಕೆಲಸ ಆಗಿ ಉಳಿದಿಲ್ಲ. ಇಲಾಖೆಯ ಹೆಸರಿಗೇ ತುರ್ತು ಸೇವೆ ಸೇರಿದೆ. 2009ರ ಅಕ್ಟೋಬರ್ ಶುರುವಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿದಾಗ ನಮ್ಮ ಭಾಗದ ಹೊಳೆದಂಡೆಯ ಹಳ್ಳಿಗಳೂ ನೀರಿನಲ್ಲಿದ್ದವು. 2019ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯನ್ನು ಹೊಳೆ ನೀರು ಸುತ್ತುವರಿದು ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಕರೆತರಲು ಹೋದ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿ, ಅವರನ್ನೂ ಉಳಿಸಬೇಕಾಯಿತು. ಬಾವಿಗೆ ಬಿದ್ದ ಎಮ್ಮೆ, ಕಾಲುವೆಗೆ ಉರುಳಿದ ಕಾರು, ಕೊಪ್ಪಳದ ಗವಿಮಠದ ಜಾತ್ರೆಯ ಬಂದೋಬಸ್ತು, ಎಲ್ಲಕ್ಕೂ ಅದೇ ಗಾಡಿ, ಅದೇ ಜನ.

ಇಷ್ಟೆಲ್ಲ ನಡೆದದ್ದಕ್ಕೆ ದಾಖಲೆ ಇದೆ. ಪ್ರತಿ ಕರೆಯನ್ನೂ ಬರೆಯುತ್ತಾರೆ: ಎಷ್ಟು ಗಂಟೆಗೆ ಬಂತು, ಎಲ್ಲಿಂದ, ಏನು ಸುಟ್ಟಿತು, ಕಾರಣ ಏನಿರಬಹುದು, ಎಷ್ಟು ನಷ್ಟ, ಎಷ್ಟು ಉಳಿಯಿತು. ವಿಮೆಗೂ ಪರಿಹಾರಕ್ಕೂ ಜನ ಆ ವರದಿಯನ್ನೇ ಕೇಳಿಕೊಂಡು ಬರುತ್ತಾರೆ. ಆದರೆ ಸರ್ಕಾರಿ ಕಡತಕ್ಕೆ ಇಷ್ಟು ವರ್ಷ ಅಂತ ಲೆಕ್ಕ ಇರುತ್ತದೆ, ಅವಧಿ ಮುಗಿದ ಮೇಲೆ ವಿಲೇವಾರಿ. ಗುಡಿಸಲು, ಹತ್ತಿ, ಸೊಪ್ಪೆ, ಹುಲ್ಲು, ಗ್ಯಾಸ್ ಸಿಲಿಂಡರ್, ಎಲೆಕ್ಟ್ರಿಕ್ ಸ್ಕೂಟರ್: ಒಂದು ಊರು ಹೇಗೆ ಬದಲಾಯಿತು ಅಂತ ಇದಕ್ಕಿಂತ ಚೆನ್ನಾಗಿ ಹೇಳುವ ಪುಸ್ತಕ ಎಲ್ಲಿದೆ? ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕುವ ಮೊದಲು ಫೋಟೋ ತೆಗೆದಾದರೂ ಇಡಬೇಕು. ಜಿಲ್ಲೆಯ ಕಾಲೇಜುಗಳ ಚರಿತ್ರೆ ವಿಭಾಗಗಳು ಈ ಕೆಲಸಕ್ಕೆ ಕೈ ಹಾಕಬಹುದು. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಡಬಹುದು.

ನಾನಂತೂ ಕಾಕಾ ಹೇಳುವ ನೀರಿನ ಜಾಗಗಳನ್ನು ಊರೂರಿನ ಪ್ರಕಾರ ಬರೆದುಕೊಳ್ಳಲು ಶುರು ಮಾಡಿದ್ದೇನೆ. ಅವರು ಹೇಳಿದ ಬಾವಿಗಳಲ್ಲಿ ಕೆಲವನ್ನು ಮುಚ್ಚಿ ಮನೆ ಕಟ್ಟಿದ್ದಾರೆ, ಕೆಲವಕ್ಕೆ ಕಸ ತುಂಬಿದೆ. ಅದನ್ನೂ ಬರೆಯುತ್ತಿದ್ದೇನೆ. ಈಗಿನ ಸ್ಟೇಷನ್ನಿನ ಹುಡುಗರಿಗೆ ಒಂದು ಪ್ರತಿ ಕೊಡಬೇಕು ಅಂತ ಕಾಕಾ ಹೇಳಿದ್ದಾರೆ. ನಿಮ್ಮ ಓಣಿಯಲ್ಲಿ ರಿಟೈರ್ ಆದ ಫೈರ್‌ಮನ್ ಯಾರಾದರೂ ಇದ್ದರೆ ಹೋಗಿ ಕೂತು ಮಾತಾಡಿಸಿ. ಮೇ ತಿಂಗಳಲ್ಲಿ ನೀರು ಎಲ್ಲಿ ಸಿಗುತ್ತಿತ್ತು, ಕರೆ ಯಾರು ತರುತ್ತಿದ್ದರು, ಯಾವ ಬೆಂಕಿ ಆರಿಸಲು ಆಗಲಿಲ್ಲ, ಇಷ್ಟನ್ನು ಕೇಳಿ ಬರೆದಿಡಿ.